ಗುರಿ ತಪ್ಪಿದ್ದು ಕೈಯೋ, ಕನ್ನಡಕವೋ?

ಶೂಟಿಂಗ್ ಕಲಿಯುವ ಮಕ್ಕಳಿಗೂ ಚಾಳೀಸು ಬಂದ ಹಿರಿಯರಿಗೂ ತಕ್ಕ ಕನ್ನಡಕ ಆರಿಸುವ ಬಗೆ

ವಿಶಾಖಪಟ್ಟಣ/ವಿಜಯವಾಡ: ಬಂದೂಕು ಎಂದರೆ ಪೊಲೀಸರಿಗೆ, ಮಿಲಿಟರಿಯವರಿಗೆ ಸೇರಿದ್ದು ಎಂಬ ಕಾಲವೊಂದಿತ್ತು. ಇಂದು ಏರ್ ರೈಫಲ್, ಏರ್ ಪಿಸ್ತೂಲುಗಳು ಶಾಲಾ ಮಕ್ಕಳ ಕೈಗೂ ಬಂದಿವೆ. ಎನ್‌ಸಿಸಿ ಸೇರಿದ ಮಕ್ಕಳು ಕ್ಯಾಂಪಿನಲ್ಲಿ ರೈಫಲ್ ಹಿಡಿದು ಬಂದು ಮನೆಯಲ್ಲಿ ಅದೇ ಮಾತಾಡುತ್ತಾರೆ. ನಿವೃತ್ತಿಯ ಅಂಚಿನಲ್ಲಿರುವವರೂ ವ್ಯಾಯಾಮಕ್ಕೆಂದೋ ಏಕಾಗ್ರತೆಗೆಂದೋ ಶೂಟಿಂಗ್ ರೇಂಜಿನ ಮೆಟ್ಟಿಲು ಹತ್ತುತ್ತಾರೆ. ಹೀಗೆ ಹೋದವರಲ್ಲಿ ಅನೇಕರು ಕೆಲವೇ ತಿಂಗಳಲ್ಲಿ ಒಂದು ಗೋಡೆಗೆ ಹಣೆ ತಾಗಿಸಿಕೊಳ್ಳುತ್ತಾರೆ. ಅಭ್ಯಾಸ ಹೆಚ್ಚಿದರೂ ಅಂಕ ಏರುವುದಿಲ್ಲ. ಕೈ ನಡುಗುತ್ತದೆ, ಉಸಿರು ಸರಿಯಿಲ್ಲ, ಮನಸ್ಸು ನಿಲ್ಲುತ್ತಿಲ್ಲ ಎಂದು ನಾನಾ ಕಾರಣ ಹುಡುಕುತ್ತಾರೆ. ಕಾರಣ ಮಾತ್ರ ಎಷ್ಟೋ ಸಲ ಮೂಗಿನ ಮೇಲೆಯೇ ಕುಳಿತಿರುತ್ತದೆ. ಅದೇ ಕನ್ನಡಕ.

ಈ ಕ್ರೀಡೆಯಲ್ಲಿ ಕನ್ನಡಕದ ಮಾತು ಲೋಕಕ್ಕೆಲ್ಲ ತಲುಪಿದ್ದು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ. ಮಹಿಳೆಯರ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ಕೊರಿಯಾದ ಕಿಮ್ ಯೆ-ಜಿ ಅವರ ಯಂತ್ರದಂಥ ಕನ್ನಡಕ ಎಲ್ಲರ ಕಣ್ಣು ಸೆಳೆಯಿತು. ಅದೇ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್ ಕಂಚು ಗೆದ್ದರು. ಎರಡು ದಿನ ಕಳೆದು ಮಿಶ್ರ ತಂಡದ ಸ್ಪರ್ಧೆಯಲ್ಲಿ ಮನು ಮತ್ತು ಸರಬ್ಜೋತ್ ಸಿಂಗ್ ಕಂಚು ಪಡೆದಾಗ ಬೆಳ್ಳಿ ಗೆದ್ದವರಲ್ಲಿ ಒಬ್ಬರು ತುರ್ಕಿಯ ಯೂಸುಫ್ ಡಿಕೆಚ್. ವಯಸ್ಸು 51. ಒಂದು ಕೈ ಜೇಬಿನಲ್ಲಿ, ಮುಖದ ಮೇಲೆ ದಿನಬಳಕೆಯ ಮಾಮೂಲಿ ಕನ್ನಡಕ. ಹಾಗಾದರೆ ವಿಶೇಷ ಕನ್ನಡಕ ಬೇಕೋ ಬೇಡವೋ ಎಂಬ ಪ್ರಶ್ನೆ ಅಂದಿನಿಂದ ಅನೇಕರನ್ನು ಕಾಡಿದೆ. ಉತ್ತರ ಇಷ್ಟೇ: ಫ್ರೇಮು ಯಾವುದಾದರೂ ಆದೀತು, ಅದರೊಳಗಿನ ಲೆನ್ಸಿನ ಪವರ್ ಮಾತ್ರ ಸರಿಯಾಗಿರಬೇಕು.

ಕಣ್ಣಿಗೆ ಒಂದೇ ಸಲ ಒಂದೇ ದೂರ

ಗುರಿ ಇಡುವವನ ಮುಂದೆ ಮೂರು ವಸ್ತುಗಳಿರುತ್ತವೆ. ಕಣ್ಣಿಗೆ ಹತ್ತಿರದಲ್ಲಿ ಬ್ಯಾಕ್ ಸೈಟ್, ನಳಿಗೆಯ ತುದಿಯಲ್ಲಿ ಫ್ರಂಟ್ ಸೈಟ್, 10 ಮೀಟರ್ ಆಚೆ ಕಪ್ಪು ವೃತ್ತ. ಕಣ್ಣು ಒಂದು ಕ್ಷಣದಲ್ಲಿ ಒಂದು ದೂರವನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲದು. ಮೂರನ್ನೂ ಒಟ್ಟಿಗೆ ನಿಚ್ಚಳವಾಗಿ ತೋರಿಸುವ ಕನ್ನಡಕವನ್ನು ಯಾರೂ ಮಾಡಿಕೊಡಲಾರರು. ಆದ್ದರಿಂದ ಯಾವುದನ್ನು ಬಿಟ್ಟುಕೊಡಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು.

ತರಬೇತುದಾರರೆಲ್ಲ ಹೇಳುವುದು ಒಂದೇ ಮಾತು: ಫ್ರಂಟ್ ಸೈಟ್ ಸ್ಪಷ್ಟವಾಗಿರಲಿ, ಗುರಿಹಲಗೆ ತುಸು ಮಸುಕಾದರೂ ಪರವಾಗಿಲ್ಲ. ಇದರ ಹಿಂದೆ ಸರಳ ಲೆಕ್ಕವಿದೆ. ಪಿಸ್ತೂಲಿನ ಎರಡು ಸೈಟುಗಳ ನಡುವೆ ಸುಮಾರು 32 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳೋಣ. ಫ್ರಂಟ್ ಸೈಟ್ ಬ್ಯಾಕ್ ಸೈಟಿನ ಕಚ್ಚಿನೊಳಗೆ 1 ಮಿ.ಮೀ.ನಷ್ಟು ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 31 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಏರ್ ಪಿಸ್ತೂಲಿನ ಗುರಿಹಲಗೆಯಲ್ಲಿ 10ರ ವೃತ್ತದ ವ್ಯಾಸ 11.5 ಮಿ.ಮೀ. ಮಾತ್ರ. ಹತ್ತಕ್ಕೆ ಬೀಳಬೇಕಾದ ಗುಂಡು ಏಳಕ್ಕೆ ಜಾರಲು ಆ ಒಂದು ಮಿ.ಮೀ. ಸಾಕು. ಅದೇ ಎರಡು ಸೈಟುಗಳೂ ಒಂದಕ್ಕೊಂದು ಸರಿಯಾಗಿದ್ದು, ಕೈ ಇಡಿಯಾಗಿ 1 ಮಿ.ಮೀ. ಸರಿದರೆ ಗುಂಡೂ ಸರಿಸುಮಾರು ಅಷ್ಟೇ ಸರಿಯುತ್ತದೆ. ಏರ್ ರೈಫಲ್ ಇನ್ನೂ ನಿಷ್ಠುರ. ಅಲ್ಲಿ 10 ಎಂಬುದು 0.5 ಮಿ.ಮೀ. ಅಗಲದ ಒಂದು ಚುಕ್ಕೆ, ಸಾಸಿವೆ ಕಾಳಿಗಿಂತ ಚಿಕ್ಕದು.

ಓದುವ ಕನ್ನಡಕ ಏಕೆ ಆಗದು?

ನಲವತ್ತು ದಾಟಿದವರಿಗೆ ಹತ್ತಿರದ್ದು ಕಾಣದಾಗುವುದನ್ನು ನಾವು ಚಾಳೀಸು ಎನ್ನುತ್ತೇವೆ, ನೆರೆಯ ತೆಲುಗರು ಚತ್ವಾರಂ ಎನ್ನುತ್ತಾರೆ. ಎರಡು ಮಾತಿನ ಒಳಗೂ ಇರುವುದು ನಲವತ್ತೇ. ಆ ವಯಸ್ಸಿಗೆ ಕಣ್ಣಿನೊಳಗಿನ ಮಸೂರ ಬಿಗಿಯಾಗಿ, ಬೇಕೆಂದ ದೂರಕ್ಕೆ ತಾನೇ ಹೊಂದಿಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ.

ಇಂಥವರು ರೇಂಜಿಗೆ ಓದುವ ಕನ್ನಡಕ ಹಾಕಿಕೊಂಡು ಹೋಗುವುದೇ ಮೊದಲ ತಪ್ಪು. ಓದುವ ಕನ್ನಡಕ ಸುಮಾರು 40 ಸೆಂ.ಮೀ. ದೂರದ ಪುಸ್ತಕಕ್ಕೆ ಮಾಡಿದ್ದು. ಫ್ರಂಟ್ ಸೈಟ್ ಇರುವುದು ಕಣ್ಣಿನಿಂದ ಸುಮಾರು 80 ಸೆಂ.ಮೀ.ನಿಂದ 1 ಮೀಟರ್ ದೂರದಲ್ಲಿ. ಅಲ್ಲಿಗೆ ಸೈಟೂ ಮಸುಕು, ಗುರಿಹಲಗೆಯಂತೂ ಬರಿಯ ಹೊಗೆ. ಬೈಫೋಕಲ್ ಕನ್ನಡಕದಲ್ಲಿ ಮೇಲಿನ ಭಾಗ ದೂರಕ್ಕೆ, ಕೆಳಗಿನದು ಓದಿಗೆ. ಫ್ರಂಟ್ ಸೈಟ್ ಎರಡಕ್ಕೂ ಸೇರದೆ ನಡುವೆ ತ್ರಿಶಂಕುವಾಗುತ್ತದೆ. ಪ್ರೋಗ್ರೆಸಿವ್ ಲೆನ್ಸಿನಲ್ಲಿ ನಡುದೂರದ ಭಾಗ ಇರುವುದೇನೋ ನಿಜ. ಆದರೆ ಅದು ಕಿರಿದಾದ ಓಣಿಯಂತೆ. ತಲೆ ಸ್ವಲ್ಪ ಅಲುಗಿದರೂ ಪವರ್ ಬದಲಾಗಿ, ಒಂದೊಂದು ಗುಂಡಿಗೆ ಒಂದೊಂದು ಚಿತ್ರ ಕಾಣುತ್ತದೆ. ಆದ್ದರಿಂದ ಗುರಿಯ ಕೆಲಸಕ್ಕೆ ಒಂದೇ ಪವರಿನ ಲೆನ್ಸ್ ಉತ್ತಮ.

ಪವರಿನ ಲೆಕ್ಕ

ಲೆಕ್ಕ ಕಷ್ಟದ್ದೇನಲ್ಲ. 1 ಮೀಟರ್ ದೂರದ ವಸ್ತುವನ್ನು ಕಣ್ಣು ತಾನಾಗಿ ಶ್ರಮಪಡದೆ ಕಾಣಬೇಕಾದರೆ ದೂರದ ಪವರಿಗೆ +1.00 ಸೇರಿಸಬೇಕು. ಆದರೆ ಪೂರ್ತಿ +1.00 ಸೇರಿಸಿದರೆ ಗುರಿಹಲಗೆ ಬಹಳ ಮಸುಕಾಗುತ್ತದೆ. ಆದ್ದರಿಂದ ಅದರ ಅರ್ಧ, ಅಂದರೆ +0.50 ಸೇರಿಸಿ, ಕಣ್ಣಿನ ನೋಟವನ್ನು ಸೈಟಿಗೂ ಗುರಿಹಲಗೆಗೂ ನಡುವೆ ಒಂದು ಕಡೆ ನಿಲ್ಲಿಸುತ್ತಾರೆ. ಸೈಟಿನ ಅಂಚು ಸಾಕಷ್ಟು ಚೂಪಾಗಿ ಕಾಣುತ್ತದೆ, ಕಪ್ಪು ವೃತ್ತವೂ ಉರುಟಾಗಿಯೇ ಉಳಿಯುತ್ತದೆ. ಕೈ ಚಿಕ್ಕದಾಗಿದ್ದು ಪಿಸ್ತೂಲಿನ ಸೈಟ್ 80 ಸೆಂ.ಮೀ. ದೂರದಲ್ಲಿದ್ದರೆ ಬೇಕಾಗುವುದು +1.25, ಅದರ ಅರ್ಧ 0.62. ಲೆನ್ಸುಗಳು ಸಾಮಾನ್ಯವಾಗಿ ಕಾಲು ಪಾಯಿಂಟಿನ ಲೆಕ್ಕದಲ್ಲಿ ಸಿಗುವುದರಿಂದ +0.50 ಅಥವಾ +0.75 ಎರಡನ್ನೂ ಪರೀಕ್ಷಿಸಿ ನೋಡಬೇಕು. ರೈಫಲ್‌ಗೆ +0.50, ಪಿಸ್ತೂಲಿಗೆ +0.50ರಿಂದ +0.75. ಇದು ಆರಂಭದ ಅಂದಾಜು.

ದೂರದ ಪವರ್ -2.00 ಇರುವವರಿಗೆ ಶೂಟಿಂಗ್ ಲೆನ್ಸ್ -1.50 ಆಗುತ್ತದೆ. ದೂರಕ್ಕೆ +1.00 ಇರುವವರಿಗೆ +1.50. ದೂರಕ್ಕೆ ಪವರೇ ಇಲ್ಲದವರಿಗೆ ಬರಿಯ +0.50. ಸಿಲಿಂಡರ್ ಪವರ್ ಇದ್ದರೆ ಅದನ್ನೂ ಅದರ ಕೋನವನ್ನೂ ಬಿಡದೆ ಹಾಕಿಸಬೇಕು. ಸಿಲಿಂಡರ್ ಬಿಟ್ಟರೆ ಫ್ರಂಟ್ ಸೈಟಿನ ನಿಂತ ಅಂಚು ಸ್ಪಷ್ಟವಾಗಿ, ಅಡ್ಡ ಅಂಚು ಮಸುಕಾಗಿ ಕಾಣಬಹುದು. ಗುಂಡುಗಳು ಮೇಲೆ ಕೆಳಗೆ ಹರಡುತ್ತಿದ್ದರೆ ಇದೂ ಒಂದು ಕಾರಣವಿದ್ದೀತು.

ಈ ಸೂತ್ರ ಹದಿನೈದರ ಹುಡುಗನಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಎಳೆಯರ ಕಣ್ಣು ಸೈಟಿಗೆ ತಾನೇ ಹೊಂದಿಕೊಳ್ಳುತ್ತದೆ. ಅವರಿಗೆ ದೂರದ ಪವರ್ ಸರಿಯಾಗಿ ಹಾಕಿಕೊಟ್ಟರೆ ಹೆಚ್ಚಾಗಿ ಸಾಕು. ಆದರೆ 60 ಗುಂಡುಗಳ ಸ್ಪರ್ಧೆ 75 ನಿಮಿಷದವರೆಗೂ ನಡೆಯುತ್ತದೆ. ಕೊನೆಯ ಹೊತ್ತಿಗೆ ಕಣ್ಣು ದಣಿಯುವವರಿಗೆ +0.25ರಷ್ಟು ಚಿಕ್ಕ ಸಹಾಯವೂ ಅನುಕೂಲವಾಗಬಹುದು.

ಇನ್ನೊಂದು ಎಚ್ಚರ: ಟ್ರ್ಯಾಪ್, ಸ್ಕೀಟ್‌ನಂಥ ಶಾಟ್‌ಗನ್ ಸ್ಪರ್ಧೆಗಳಿಗೆ ಈ ಲೆಕ್ಕವೇ ಬೇಡ. ಅಲ್ಲಿ ನೋಡಬೇಕಾದದ್ದು ಹಾರುವ ಮಣ್ಣಿನ ಬಿಲ್ಲೆಯನ್ನು. ದೂರದ ಪೂರ್ತಿ ಪವರ್, ಅಗಲವಾದ ಗಟ್ಟಿ ಲೆನ್ಸ್ ಇರಬೇಕು.

ಪರೀಕ್ಷೆಗೆ ಹೋಗುವ ಮುನ್ನ

ಕಣ್ಣಿನ ಆಸ್ಪತ್ರೆಗೆ ಪಿಸ್ತೂಲು ಒಯ್ಯುವ ಸಾಹಸ ಯಾರೂ ಮಾಡಬಾರದು. ಬದಲಿಗೆ ರೇಂಜಿನಲ್ಲಿ ಗುರಿ ಹಿಡಿದು ನಿಂತಾಗ, ಗುಂಡು ತುಂಬದ ಬಂದೂಕಿನೊಡನೆ, ಇನ್ನೊಬ್ಬರಿಂದ ಕಣ್ಣಿನ ಹೊರ ಅಂಚಿನಿಂದ ಫ್ರಂಟ್ ಸೈಟಿನವರೆಗಿನ ದೂರವನ್ನು ಟೇಪು ಹಿಡಿಸಿ ಅಳೆಸಿಕೊಳ್ಳಬೇಕು. ಅಷ್ಟೇ ಉದ್ದದ ಒಂದು ಕೋಲಿನ ತುದಿಗೆ ಕಪ್ಪು ಕಾಗದದ ಸಣ್ಣ ಪಟ್ಟಿ ಅಂಟಿಸಿಕೊಂಡು ಹೋದರೆ ಪರೀಕ್ಷಿಸುವವರಿಗೆ ಕೆಲಸ ಸುಲಭ. ಟ್ರಯಲ್ ಫ್ರೇಮಿನಲ್ಲಿ ಲೆನ್ಸುಗಳನ್ನು ಬದಲಿಸುತ್ತ, ಆ ಪಟ್ಟಿಯ ಅಂಚು ಚೂಪಾಗಿಯೂ ಗೋಡೆಯ ಅಕ್ಷರಗಳು ಗುರುತು ಹಿಡಿಯುವಷ್ಟಾದರೂ ಇರುವ ಪವರನ್ನು ಹುಡುಕಬಹುದು. ಕೊನೆಯ ತೀರ್ಪು ರೇಂಜಿನದೇ. ಸಾಧ್ಯವಾದರೆ +0.50, +0.75ರ ಅಗ್ಗದ ಲೆನ್ಸುಗಳೆರಡನ್ನೂ ಕೊಯ್ಸಿ, ಒಂದೊಂದರಲ್ಲಿ ಕೆಲವು ದಿನ ಹೊಡೆದು ನೋಡಿ ನಿರ್ಧರಿಸುವುದು ಜಾಣತನ. ಕಪ್ಪು ವೃತ್ತ ಕರಗಿ ಹೋದಂತೆ ಕಂಡರೆ ಪವರ್ ಹೆಚ್ಚಾಯಿತು. ವೃತ್ತ ನಿಚ್ಚಳವಾಗಿ, ಸೈಟಿನ ಅಂಚು ಬೂದಿಬಣ್ಣವಾದರೆ ಕಡಿಮೆಯಾಯಿತು.

ಎರಡೂ ಊರುಗಳಲ್ಲಿ ಕಣ್ಣಿನ ಪರೀಕ್ಷೆಗೆ ಒಳ್ಳೆಯ ವ್ಯವಸ್ಥೆಯಿದೆ. ಡಾ. ಗುಳ್ಳಪಲ್ಲಿ ನಾಗೇಶ್ವರ ರಾವ್ ಅವರು 1987ರಲ್ಲಿ ಹೈದರಾಬಾದಿನಲ್ಲಿ ಆರಂಭಿಸಿದ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ 2006ರಲ್ಲಿ ವಿಶಾಖಪಟ್ಟಣದಲ್ಲೂ 2011ರಲ್ಲಿ ವಿಜಯವಾಡದಲ್ಲೂ ತನ್ನ ಕೇಂದ್ರ ತೆರೆಯಿತು. ಕಣ್ಣಿನ ವಿಷಯದಲ್ಲಿ ಕನ್ನಡಿಗರಿಗೂ ಆಂಧ್ರಕ್ಕೂ ಹಳೆಯ ನಂಟಿದೆ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರು ಅಲೆದು ಪೊರೆಯ ಶಸ್ತ್ರಚಿಕಿತ್ಸೆ ಮಾಡಿದವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ನಡೆಸಿದ ಅವರ ದಾಖಲೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಅಂಗಡಿಯಲ್ಲಿ ಭಾಷೆಯ ತಮಾಷೆಯೂ ಎದುರಾಗಬಹುದು. ತೆಲುಗಿನಲ್ಲಿ ಕನ್ನಡಕಕ್ಕೆ ಕಳ್ಳಜೋಡು ಎಂಬ ಹೆಸರು. ಹೊಸದಾಗಿ ಬಂದ ಕನ್ನಡಿಗರು ಅದನ್ನು ಕೇಳಿ ಬೆಚ್ಚಬೇಕಾಗಿಲ್ಲ, ಅದು ಕಣ್ಣುಗಳ ಜೋಡಿಯೇ ಹೊರತು ಕಳ್ಳರ ಜೋಡಿಯಲ್ಲ. ಗುರಿ ಎಂಬ ಮಾತು ಮಾತ್ರ ಎರಡೂ ಭಾಷೆಗೆ ಒಂದೇ.

ಫ್ರೇಮು ಹೇಗಿರಬೇಕು?

ಪಿಸ್ತೂಲು ಹಿಡಿದವನು ಪಕ್ಕಕ್ಕೆ ತಿರುಗಿ ನಿಂತು ಕತ್ತು ಹೊರಳಿಸಿ ನೋಡುತ್ತಾನೆ. ರೈಫಲ್ ಹಿಡಿದವನು ಕೆನ್ನೆಯನ್ನು ದಿಮ್ಮಿಗೆ ಒತ್ತಿ, ತಲೆ ಬಾಗಿಸಿ, ಕನ್ನಡಕದ ಮೇಲಿನ ಒಳಮೂಲೆಯಿಂದ ನೋಡುತ್ತಾನೆ. ಮಾಮೂಲಿ ಕನ್ನಡಕದಲ್ಲಿ ಲೆನ್ಸಿನ ನಡುಬಿಂದು ನೇರ ನೋಟಕ್ಕೆ ಇಟ್ಟದ್ದು. ಓರೆಯಾಗಿ, ಅಂಚಿನಿಂದ ನೋಡಿದರೆ ಚಿತ್ರ ಡೊಂಕಾಗುತ್ತದೆ. ಪವರ್ ಹೆಚ್ಚಿದ್ದಷ್ಟೂ ಈ ತೊಂದರೆ ಹೆಚ್ಚು. ಶೂಟಿಂಗ್ ಫ್ರೇಮು ಹುಟ್ಟಿದ್ದು ಇದಕ್ಕಾಗಿಯೇ. ಅದರಲ್ಲಿ ಒಂದೇ ದುಂಡು ಲೆನ್ಸನ್ನು ಎತ್ತರಿಸಿ, ತಗ್ಗಿಸಿ, ತಿರುಗಿಸಿ, ಸರಿಯಾಗಿ ಕಣ್ಣಿನ ನೋಟಕ್ಕೆ ಲಂಬವಾಗಿ ನಿಲ್ಲಿಸಬಹುದು. ಜರ್ಮನಿಯ ಕ್ನೋಬ್ಲೋಕ್, ಸ್ವಿಟ್ಜರ್ಲೆಂಡಿನ ಚಾಂಪಿಯನ್ ಮುಂತಾದ ಹೆಸರುಗಳು ಶೂಟರುಗಳಿಗೆ ಪರಿಚಿತ. ಇಂಥ ಫ್ರೇಮು ಮಾಮೂಲಿ ಕನ್ನಡಕದ ಅಂಗಡಿಯಲ್ಲಿ ಸಿಗುವುದು ಅಪರೂಪ. ಶೂಟಿಂಗ್ ಸಾಮಗ್ರಿ ಮಾರುವವರ ಮೂಲಕ ತರಿಸಬೇಕು. ಲೆನ್ಸನ್ನು ಮಾತ್ರ ಊರಿನ ಅಂಗಡಿಯಲ್ಲೇ ಕೊಯ್ಸಬಹುದು. ಲೆನ್ಸ್ ಕೂರುವ ಬಳೆಯನ್ನೇ ಅಂಗಡಿಗೆ ಒಯ್ದು ಅಳತೆ ಕೊಟ್ಟರೆ ತಪ್ಪುವುದಿಲ್ಲ. ಸಿಲಿಂಡರ್ ಇರುವ ಲೆನ್ಸಿಗೆ ಮೇಲ್ತುದಿಯ ಗುರುತು ಹಾಕಿಸಿಕೊಳ್ಳಬೇಕು. ಬಳೆಯಲ್ಲಿ ಅದು ತಿರುಗಿದರೆ ಕೋನ ಕೆಟ್ಟಿತೆಂದೇ ಅರ್ಥ.

ಇದಕ್ಕೆಲ್ಲ ಹಣ ಸುರಿಯುವ ಮೊದಲು, ಸಣ್ಣ ಪವರಿನವರು ಹಗುರವಾದ ಮಾಮೂಲಿ ಫ್ರೇಮಿಗೆ ಶೂಟಿಂಗ್ ಪವರಿನ ಲೆನ್ಸ್ ಹಾಕಿಸಿ ಒಂದು ವರ್ಷ ಹೊಡೆದು ನೋಡಬಹುದು. ಶೂಟಿಂಗ್ ಮುಂದುವರಿಯುತ್ತದೆ ಎಂದು ಖಾತ್ರಿಯಾದ ಮೇಲೆ ದುಬಾರಿ ಫ್ರೇಮಿನ ಮಾತು. ಮಕ್ಕಳ ವಿಷಯದಲ್ಲಂತೂ ಇದೇ ಸರಿ. ಬೆಳೆಯುವ ವಯಸ್ಸಿನಲ್ಲಿ ಪವರ್ ಬದಲಾಗುತ್ತಲೇ ಇರುತ್ತದೆ.

ಇನ್ನೊಂದು ಕಣ್ಣನ್ನು ಮುಚ್ಚಬೇಡಿ

ಎರಡು ಕಣ್ಣುಗಳಲ್ಲಿ ಒಂದು ಮುಂದಾಳು. ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ದೂರದ ಗಡಿಯಾರವನ್ನು ಅದರೊಳಗಿಂದ ನೋಡಿ, ಒಂದೊಂದೇ ಕಣ್ಣು ಮುಚ್ಚಿದರೆ ಯಾವುದು ಎಂದು ತಿಳಿಯುತ್ತದೆ. ಗಡಿಯಾರ ಯಾವ ಕಣ್ಣಿಗೆ ಉಳಿಯುವುದೋ ಅದೇ ಮುಂದಾಳು. ಗುರಿಗೆ ಆ ಕಣ್ಣೇ ಒಳ್ಳೆಯದು. ಇನ್ನೊಂದನ್ನು ಬಿಗಿಯಾಗಿ ಮುಚ್ಚಿ ನಿಂತರೆ ಮುಖದ ಸ್ನಾಯು ದಣಿದು, ಗುರಿ ಇಡುವ ಕಣ್ಣೂ ನಡುಗುತ್ತದೆ. ಕಪ್ಪು ಪಟ್ಟಿ ಹಾಕಿದರೆ ಗುರಿಯ ಕಣ್ಣಿನ ಪಾಪೆಯೂ ಹಿಗ್ಗಿ ಚಿತ್ರ ಮಸುಕಾಗುತ್ತದೆ. ಬೆಳಕು ಬಿಡುವ ಬಿಳಿ ಪ್ಲಾಸ್ಟಿಕ್ಕಿನ ತುಂಡೇ ಉತ್ತಮ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಇದರ ಅಗಲ 30 ಮಿ.ಮೀ. ಮೀರುವಂತಿಲ್ಲ. ಪಕ್ಕದ ಮರೆಯ ಆಳ 40 ಮಿ.ಮೀ. ದಾಟುವಂತಿಲ್ಲ. ಪವರ್ ಲೆನ್ಸನ್ನು ಪಿಸ್ತೂಲಿನ ಮೇಲೆ ಅಂಟಿಸಲೂ ಅನುಮತಿಯಿಲ್ಲ, ಮುಖದ ಮೇಲೆಯೇ ಧರಿಸಬೇಕು.

ಲೆನ್ಸಿನ ಮುಂದೆ ಹಾಕುವ ಐರಿಸ್ ಎಂಬ ಸಣ್ಣ ರಂಧ್ರದ ಸಾಧನವೂ ಉಪಯುಕ್ತ. ರಂಧ್ರ ಕಿರಿದಾದಷ್ಟೂ ಸೈಟೂ ಗುರಿಯೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಆದರೆ ಬೆಳಕು ಕುಂದುತ್ತದೆ. ಸರಿಯಾದ ಪವರಿಗೆ ಇದು ಸಹಾಯಕವೇ ಹೊರತು ಬದಲಿಯಲ್ಲ.

ಕರಾವಳಿಯ ಬೆವರು, ವಿಜಯವಾಡದ ಬಿಸಿಲು

ವಿಶಾಖಪಟ್ಟಣದ ಸಮುದ್ರದ ಗಾಳಿಯಲ್ಲಿ ಎಸಿ ಕೋಣೆಯಿಂದ ಹೊರಬಂದ ಕೂಡಲೇ ಲೆನ್ಸಿಗೆ ಮಂಜು ಕವಿಯುತ್ತದೆ. ಸ್ಪರ್ಧೆಗೆ ಸಾಕಷ್ಟು ಮುಂಚೆ ಕನ್ನಡಕವನ್ನು ಪೆಟ್ಟಿಗೆಯಿಂದ ತೆಗೆದು ಹೊರಗಿನ ಗಾಳಿಗೆ ಒಗ್ಗಿಸಬೇಕು. ಬೆವರಿನ ಉಪ್ಪು ಅಂಟಿದ ಲೆನ್ಸನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ನೀರಿನಲ್ಲಿ ತೊಳೆದು ಆಮೇಲೆ ಒರೆಸಬೇಕು. ವಿಜಯವಾಡದ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಕನ್ನಡಕ ಬಿಟ್ಟರೆ ಲೆನ್ಸಿನ ಲೇಪ ಬಿರುಕು ಬಿಡುವುದುಂಟು. ಪ್ರತಿಫಲನ ತಡೆಯುವ ಲೇಪ ಹಾಕಿಸಿದರೆ ಹಿಂದಿನ ದೀಪಗಳ ಕಿರಿಕಿರಿ ತಪ್ಪುತ್ತದೆ. ಸೀಸದ ಗುಂಡಿನ ಚೂರು ಸಿಡಿಯುವ ಭಯವಿರುವಲ್ಲಿ ಪಾಲಿಕಾರ್ಬೊನೇಟ್ ಲೆನ್ಸ್ ಇರಲಿ. ದುಂಡು ಲೆನ್ಸಿನ ಶೂಟಿಂಗ್ ಫ್ರೇಮು ನೋಟಕ್ಕೆ ಸಹಾಯ ಮಾಡುತ್ತದೆಯೇ ಹೊರತು ಕಣ್ಣಿಗೆ ಪೂರ್ತಿ ರಕ್ಷಣೆ ಕೊಡದು.

ಕನ್ನಡಕಕ್ಕಿಂತ ಕಣ್ಣು ದೊಡ್ಡದು

ಕನ್ನಡಿಗರಲ್ಲಿ ಪಿಸ್ತೂಲಿನಿಂದ ಹೆಸರು ಮಾಡಿದ ಬೆಂಗಳೂರಿನ ಪಿ.ಎನ್. ಪ್ರಕಾಶ್ ಅವರ ಬದುಕು ಇಲ್ಲಿ ನೆನೆಯತಕ್ಕದ್ದು. ತಂದೆ ಪಾಪಣ್ಣನವರೂ ಶೂಟರ್. ಕೆನಡಾದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಪ್ರಕಾಶ್ ಊರಿಗೆ ಮರಳಿ ಪಿಸ್ತೂಲು ಹಿಡಿದರು. 2013ರಲ್ಲಿ ಸ್ಪೇನಿನ ಗ್ರನಾಡಾದಲ್ಲಿ ವಿಶ್ವಕಪ್ಪಿಗೆ ಹೋಗಿದ್ದಾಗ ಅವರ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಇಂಥ ಕಾಯಿಲೆಯಲ್ಲಿ ರೆಪ್ಪೆ ಮುಚ್ಚದೆ ಕಣ್ಣು ಒಣಗುತ್ತದೆ. ಗುರಿಯನ್ನೇ ನಂಬಿದವರಿಗೆ ಇದಕ್ಕಿಂತ ದೊಡ್ಡ ಆಘಾತ ಬೇರಿಲ್ಲ. ಅವರು ಚೇತರಿಸಿಕೊಂಡು 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸಿನಲ್ಲಿ ಆಡಿದರು, 2017ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಕಣ್ಣಿಗೆ ತೊಂದರೆ ಬಂದಾಗ ಮೊದಲು ಕಣ್ಣು, ಆಮೇಲೆ ಪದಕ ಎಂಬುದು ಎಲ್ಲ ಶೂಟರುಗಳಿಗೂ ಪಾಠ.

ಹಿರಿಯ ಸದಸ್ಯರು ಮರೆಯಬಾರದ ಮಾತೊಂದಿದೆ. ಶೂಟಿಂಗ್ ಮಾಡುವವರು ದಿನವೂ ಒಂದೇ ವಸ್ತುವನ್ನು ಒಂದೇ ಬೆಳಕಿನಲ್ಲಿ ನೋಡುವುದರಿಂದ ಕಣ್ಣಿನ ಸಣ್ಣ ಬದಲಾವಣೆಯೂ ಅವರಿಗೆ ಬೇಗ ಗೊತ್ತಾಗುತ್ತದೆ. ಕಳೆದ ತಿಂಗಳು ಸ್ಪಷ್ಟವಿದ್ದ ಸೈಟ್ ಈ ತಿಂಗಳು ಮಸುಕಾದರೆ ಹೊಸ ಲೆನ್ಸ್ ಕೊಯ್ಸಲು ಓಡುವ ಮೊದಲು ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ ಪವರ್ ಏರಿಳಿಯುತ್ತದೆ. ಸಕ್ಕರೆ ಹಿಡಿತಕ್ಕೆ ಬಂದ ಮೇಲೆಯೇ ಕನ್ನಡಕ ಮಾಡಿಸಬೇಕು. ದೀಪದ ಸುತ್ತ ಬೆಳಕು ಹರಡಿದಂತೆ ಕಂಡರೆ ಪೊರೆ ಇರಬಹುದು. ಗ್ಲುಕೋಮಾ ಎಂಬ ಕಣ್ಣಿನ ಒತ್ತಡದ ಕಾಯಿಲೆಯಂತೂ ಹೆಚ್ಚಾಗಿ ಸದ್ದಿಲ್ಲದೆ ಬರುತ್ತದೆ. ಹೋದ ದೃಷ್ಟಿ ಮರಳಿ ಬರುವುದಿಲ್ಲ. ನಲವತ್ತು ದಾಟಿದವರು ಕನ್ನಡಕದ ನೆಪದಲ್ಲಾದರೂ ಕಣ್ಣಿನ ಒತ್ತಡ, ಒಳಪರದೆಗಳನ್ನು ಪರೀಕ್ಷಿಸಿಕೊಳ್ಳುವುದು ಒಳಿತು.

ಮಕ್ಕಳ ತಂದೆತಾಯಿಯರಿಗೂ ಒಂದು ಕಿವಿಮಾತು. ಎಳೆಯರ ಕಣ್ಣು ಪರೀಕ್ಷೆಯ ವೇಳೆ ತಾನೇ ಬಿಗಿಯಾಗಿ ಇಲ್ಲದ ಮೈನಸ್ ಪವರ್ ತೋರಿಸಬಹುದು. ಅದಕ್ಕಾಗಿಯೇ ವೈದ್ಯರು ಹನಿ ಔಷಧಿ ಹಾಕಿ ಪರೀಕ್ಷಿಸುತ್ತಾರೆ. ಅಂದು ನೋಟ ಮಸುಕಾಗಿರುವುದರಿಂದ ಅಭ್ಯಾಸಕ್ಕೆ ರಜೆ ಕೊಡಬೇಕು. ಅಂಕ ಬರಲಿಲ್ಲವೆಂದು ಮಗುವನ್ನು ಗದರಿಸುವ ಮುನ್ನ ಒಮ್ಮೆ ಕಣ್ಣು ತೋರಿಸಿ. ಕಾಣದ ಮಗುವಿಗೆ ತನಗೆ ಕಾಣುತ್ತಿಲ್ಲ ಎಂಬುದೇ ತಿಳಿದಿರುವುದಿಲ್ಲ. ಅದು ನೋಡುತ್ತಿರುವ ಮಸುಕೇ ಲೋಕವೆಂದು ತಿಳಿದಿರುತ್ತದೆ.

ಸಂಘಗಳು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ಶಿಬಿರದಲ್ಲಿ ರಕ್ತದೊತ್ತಡ, ಸಕ್ಕರೆಯ ಜತೆಗೆ ಕಣ್ಣಿನ ಪರೀಕ್ಷೆಗೂ ಒಂದು ಮೇಜು ಹಾಕಿದರೆ ಶೂಟಿಂಗ್ ಮಾಡುವವರಿಗೆ ಮಾತ್ರವಲ್ಲ, ಎಲ್ಲರ ಮನೆಗೂ ಉಪಕಾರವಾದೀತು.